ಅವತ್ತಿನ ನೀರಿನ ಪಾಳಿ

ನಮ್ಮಪ್ಪನಿಗೆ ಮೂವರು ಗೆಳೆಯರಿದ್ದರು. ಮೂವರಿಗೂ ಹೆತ್ತವರು ಚೆಂದದ ಹೆಸರುಗಳನ್ನೇ ಇಟ್ಟಿದ್ದರು. ಆದರೆ ಮದುವೆ ಕರೆಯೋಲೆ, ಪಿಂಚಣಿ ಪುಸ್ತಕ ಬಿಟ್ಟರೆ ಅವು ಬೇರೆಲ್ಲೂ ಉಪಯೋಗಕ್ಕೆ ಬರಲಿಲ್ಲ. ಅವರು ಒಬ್ಬರನ್ನೊಬ್ಬರು ಕರೆಯುತ್ತಿದ್ದದ್ದು ಊರಿನ ಹೆಸರಿನಿಂದ. ಕಡೂರು, ತರೀಕೆರೆ, ಅಜ್ಜಂಪುರ. ನಮ್ಮಪ್ಪ ಬೀರೂರು. "ಏ ತರೀಕೆರೆ, ಉಪ್ಪು ಕೊಡೋ ಇಲ್ಲಿ", "ಅಜ್ಜಂಪುರ ಯಾಕೋ ಸಪ್ಪಗವ್ನೆ" ಎಂದೆಲ್ಲ ನಮ್ಮ ಜಗಲಿಯಲ್ಲಿ ಮಾತು ನಡೆಯುವಾಗ, ದಾರಿಯಲ್ಲಿ ಹೋಗುವವರಿಗೆ ಇವರೇನು ರೈಲಿನ ಟೈಂ ಟೇಬಲ್ ಓದುತ್ತಿದ್ದಾರೋ ಎನ್ನಿಸಬೇಕು. ಒಂದೇ ದಿನ ಸೈನ್ಯಕ್ಕೆ ಸೇರಿ, ಒಂದೇ ಬೆಳಿಗ್ಗೆ ಬೀರೂರು ಸ್ಟೇಷನ್ನಿನಲ್ಲಿ ರೈಲು ಹತ್ತಿದವರು. ಅಲ್ಲಿ ಉತ್ತರದವರ ಬಾಯಿಗೆ ಇವರ ಹೆಸರುಗಳು ಹೊರಳದೆ ಹೋದಾಗ ಊರುಗಳೇ ಹೆಸರಾದವು, ಹಾಗೇ ಅಂಟಿಕೊಂಡವು. ನಾನು ಮೂವರನ್ನೂ ಮಾವ ಎನ್ನುತ್ತಿದ್ದೆ.

ಐದನೆಯವನೊಬ್ಬನಿದ್ದ, ಲಿಂಗದಹಳ್ಳಿ. ಅವನನ್ನು ನಾನು ನೋಡಿಲ್ಲ. ನಾನು ಹುಟ್ಟುವುದಕ್ಕೆ ಮುಂಚೆಯೇ, ಎಪ್ಪತ್ತೊಂದರ ಯುದ್ಧದಲ್ಲಿ ಅವನು ಹೋಗಿಬಿಟ್ಟ. ಹಾಗಾಗಿ ಅವನಿಗೆ ಮಾವ ಎನ್ನುವ ಅಭ್ಯಾಸ ನನಗೆ ಆಗಲೇ ಇಲ್ಲ. ಚಿಕ್ಕಂದಿನಲ್ಲಿ ಅವನು ನನಗಿಂತ ದೊಡ್ಡವನಾಗಿದ್ದ, ಈಗ ನನ್ನ ಮಗನಿಗಿಂತ ಚಿಕ್ಕವನು.

ಯುದ್ಧ ಎಂದ ತಕ್ಷಣ ಬಂದೂಕು, ಕಂದಕ, ಮೀಸೆ ಎಂದುಕೊಳ್ಳಬೇಡಿ. ಇವರು ಐವರೂ ಲಾರಿ ಡ್ರೈವರುಗಳು. ಅಕ್ಕಿ, ಬೇಳೆ, ಡೀಸೆಲ್ ಹೊತ್ತು ಗಡಿಯ ಹತ್ತಿರಕ್ಕೆ ಮುಟ್ಟಿಸಿ ಬರುವುದು ಅವರ ಕೆಲಸ. ಐದು ಲಾರಿ ಯಾವಾಗಲೂ ಒಂದೇ ಸಾಲಿನಲ್ಲಿ ಹೋಗುತ್ತಿದ್ದವು. ಮೊದಲು ಕಡೂರು, ಅದರ ಹಿಂದೆ ಬೀರೂರು, ಆಮೇಲೆ ತರೀಕೆರೆ, ಅಜ್ಜಂಪುರ, ಕಡೆಗೆ ಲಿಂಗದಹಳ್ಳಿ. ಲಾರಿಯ ಡ್ರಮ್ಮಿನಲ್ಲಿ ತುಂಬಿಟ್ಟ ನೀರಿಗೆ ಡೀಸೆಲ್ ವಾಸನೆ ಹೊಡೆಯುತ್ತಿದ್ದುದರಿಂದ ಕುಡಿಯುವುದಕ್ಕೆ, ಅಡುಗೆಗೆ ಬೇರೆ ಎಲ್ಲಿಂದಲಾದರೂ ತರಬೇಕಾಗಿತ್ತು. ಅದಕ್ಕೆ ಪಾಳಿ ಹಾಕಿಕೊಂಡಿದ್ದರು. ದಿನಕ್ಕೊಬ್ಬ, ಲಾರಿಗಳು ನಿಲ್ಲುವ ಅದೇ ಸಾಲಿನಲ್ಲಿ. ಐದನೇ ದಿನ ಲಿಂಗದಹಳ್ಳಿ, ಆರನೇ ದಿನ ಮತ್ತೆ ಕಡೂರು. ಈ ಸಾಲನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮೂವತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿರುವವಳು ನಾನು, ಮುಂದೆ ಪ್ರಶ್ನೆ ಕೇಳುತ್ತೇನೆ.

ಅವತ್ತು ಪಂಜಾಬಿನ ಕಡೆ ಒಂದು ಹಳ್ಳಿಯ ಹೊರಗೆ ಲಾರಿಗಳನ್ನು ಮರಗಳ ಕೆಳಗೆ ನುಗ್ಗಿಸಿ, ಮೇಲೆ ಬಲೆ ಹೊದೆಸಿ ನಿಲ್ಲಿಸಿದ್ದರಂತೆ. ಮಧ್ಯಾಹ್ನದ ಹೊತ್ತು. ಕಡೂರು ಮಾವನ ತಾಯಿ ಬಟ್ಟೆ ಚೀಲದಲ್ಲಿ ಹೊಲಿದು ಕಳಿಸಿದ್ದ ರಾಗಿ ಹಿಟ್ಟು ಹಿಂದಿನ ವಾರವಷ್ಟೇ ಕೈಗೆ ಸಿಕ್ಕಿತ್ತು. ತಿಂಗಳುಗಟ್ಟಲೆ ರೊಟ್ಟಿ ತಿಂದು ಬಾಯಿ ಕೆಟ್ಟವರಿಗೆ ಅವತ್ತು ಮುದ್ದೆ ಮಾಡುವ ಯೋಗ. ಒಲೆ ಹೂಡಿಯಾಯಿತು, ಹಿಟ್ಟು ಜರಡಿ ಹಿಡಿದಾಯಿತು, ಎಸರಿಗೆ ನೀರು ಬೇಕು. ಸಾಸಿವೆ ಹೊಲದಾಚೆ ಸುಣ್ಣ ಬಳಿದ ಒಂದು ಪಂಪ್‌ಹೌಸ್ ಇತ್ತು. ಲಿಂಗದಹಳ್ಳಿ ಎರಡು ಕ್ಯಾನ್ ಹಿಡಿದುಕೊಂಡು ಅಲ್ಲಿಗೆ ಹೋದ. ಅವನು ಅಲ್ಲಿದ್ದಾಗಲೇ ವಿಮಾನಗಳು ಬಂದವು. ಮರದ ಕೆಳಗಿನ ಲಾರಿಗಳು ಅವಕ್ಕೆ ಕಾಣಲಿಲ್ಲ. ಬೆಳ್ಳಗಿದ್ದ ಪಂಪ್‌ಹೌಸ್ ಕಂಡಿತು.

ಅವತ್ತು ಮುದ್ದೆ ಆಗಲಿಲ್ಲ.

ಇಷ್ಟು ಕತೆಯಲ್ಲಿ ನಾಲ್ವರಿಗೂ ತಕರಾರಿರಲಿಲ್ಲ. ಅವತ್ತಿನ ಪಾಳಿ ಲಿಂಗದಹಳ್ಳಿಯದಲ್ಲ, ಅವನು ಬೇರೆ ಯಾರದೋ ಬದಲಿಗೆ ಹೋದ ಎನ್ನುವುದಕ್ಕೂ ತಕರಾರಿರಲಿಲ್ಲ. ಹಾಗಾದರೆ ಪಾಳಿ ಯಾರದು ಎನ್ನುವುದರ ಮೇಲೆ ಮಾತ್ರ ಐವತ್ತು ವರ್ಷ ಜಗಳವಾಡಿದರು.

ಸೈನ್ಯದಿಂದ ಬಿಡಿಸಿಕೊಂಡು ಬಂದ ಮೇಲೆ ಪ್ರತಿ ಡಿಸೆಂಬರಿನಲ್ಲಿ ಆ ದಿನ ನಾಲ್ವರೂ ಒಂದು ಕಡೆ ಸೇರುತ್ತಿದ್ದರು. ಒಂದು ವರ್ಷ ಒಬ್ಬೊಬ್ಬರ ಮನೆ. ರೈಲಿನ ಸೌಕರ್ಯ ಇದ್ದದ್ದರಿಂದ ಬೆಳಿಗ್ಗೆ ಬಂದು ಸಂಜೆಗೆ ಹೊರಡುವವರು. ಹಾರವಿಲ್ಲ, ಫೋಟೋ ಇಲ್ಲ, ಭಾಷಣ ಮೊದಲೇ ಇಲ್ಲ. ಮುದ್ದೆ, ಹುರುಳಿಕಾಳು ಬಸ್ಸಾರು ಮಾಡಿ ಉಣ್ಣುವುದೇ ಕಾರ್ಯಕ್ರಮ. ಅಡುಗೆಗೆ ಹೆಂಗಸರು ಕೈ ಹಾಕಬಹುದಿತ್ತು, ಆದರೆ ಎಸರಿನ ನೀರನ್ನು ಮುಟ್ಟುವಂತಿರಲಿಲ್ಲ. ಅದನ್ನು ಆ ನಾಲ್ವರೇ ತರಬೇಕು, ನಾಲ್ವರೂ ಒಟ್ಟಿಗೆ ಹೋಗಬೇಕು. ನಮ್ಮ ಮನೆಯ ಸರದಿ ಬಂದ ವರ್ಷ ಹಿತ್ತಲಿನ ನಲ್ಲಿ ಅಡುಗೆಮನೆಯಿಂದ ಹದಿನೈದು ಹೆಜ್ಜೆ ಇತ್ತು. ಒಂದೇ ಒಂದು ಕ್ಯಾನ್ ತರಲು ನಾಲ್ಕು ಜನ ದಾಂಡಿಗರು ಸಾಲಾಗಿ ಹೋಗುವುದನ್ನು ನೋಡಿ ಪಕ್ಕದ ಮನೆಯವರು ನಗುತ್ತಿದ್ದರು, ನನಗೆ ನಾಚಿಕೆಯಿಂದ ಮುಖ ಕೆಂಪಾಗುತ್ತಿತ್ತು. ಅಮ್ಮ ಮಾತ್ರ ಬಾಗಿಲಿಗೆ ಅಡ್ಡ ನಿಂತಿದ್ದ ಬೆಕ್ಕನ್ನು ಅತ್ತ ಓಡಿಸಿ ದಾರಿ ಬಿಡುತ್ತಿದ್ದಳು.

ನೀರು ಒಲೆಯ ಮೇಲೇರಿತೋ, ಜಗಳ ಶುರು.

"ನನ್ ಪಾಳಿ ಕಣ್ರೋ. ನಾನು ಟೈರ್ ಬಿಚ್ಕೊಂಡ್ ಕೂತಿದ್ದೆ, ಕೈಯೆಲ್ಲಾ ಗ್ರೀಸು. ಬಿಡು ನಾನೇ ಹೋಗ್ಬತ್ತೀನಿ ಅಂದ," ಎಂದು ಕಡೂರು ಮಾವ ತೆಗೆಯುವರು.

"ಸುಳ್ ಹೇಳ್ಬೇಡ. ನಿನ್ ಟೈರು ಹಿಂದಿನ ದಿನ ಬಿಚ್ಚಿದ್ದು. ಪಾಳಿ ನಂದು. ನಂಗೆ ಜ್ವರ ಬಂದಿತ್ತು," ಎಂದು ನಮ್ಮಪ್ಪ.

"ನಿಂಗೆ ಜ್ವರ? ಬೆಳಿಗ್ಗೆ ಒಂಬತ್ತು ರೊಟ್ಟಿ ತಿಂದವ್ನಿಗೆ ಜ್ವರವಂತೆ! ಒಲೆ ಮುಂದೆ ಕೂತಿದ್ದವ್ನು ನಾನು. ಉರಿ ಬಿಟ್ಟು ಏಳಕಾಗ್ಲಿಲ್ಲ. ಪಾಳಿ ನಂದು," ಎಂದು ತರೀಕೆರೆ ಮಾವ.

ಅಜ್ಜಂಪುರದ ಮಾವ ಯಾವಾಗಲೂ ಕಡೆಯಲ್ಲಿ, ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. "ನಂದು ಕಣ್ರೋ." ಅಷ್ಟೇ. ಮಿಕ್ಕವರಿಗೆ ಟೈರು, ಜ್ವರ, ಒಲೆ ಎಂದು ಒಂದೊಂದು ಕಾರಣವಿತ್ತು, ಇವರಿಗೆ ಅದೂ ಇರಲಿಲ್ಲ. ಆಗ ಮೂವರೂ ತಮ್ಮ ತಮ್ಮ ಜಗಳ ಬಿಟ್ಟು ಇವರ ಮೇಲೆ ಬೀಳುತ್ತಿದ್ದರು. "ನೀನ್ ಸುಮ್ನಿರಪ್ಪ. ಮಲ್ಗಿದ್ದವ್ನು ನೀನು, ನಿಂಗೇನ್ ಗೊತ್ತು!"

ಜನ ಸಾಮಾನ್ಯವಾಗಿ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಲು ಜಗಳವಾಡುತ್ತಾರೆ. ಇವರು ತಮ್ಮ ತಲೆಗೇ ಕಟ್ಟಿಕೊಳ್ಳಲು ಎದೆ ತಟ್ಟಿಕೊಂಡು ಜಗಳವಾಡುತ್ತಿದ್ದರು. ಚಿಕ್ಕವಳಾಗಿದ್ದಾಗ ನನಗೆ ಅದು ಏನೋ ದೊಡ್ಡ ಬಹುಮಾನ ಇರಬೇಕು ಎನ್ನಿಸಿತ್ತು. ಸ್ವಲ್ಪ ದೊಡ್ಡವಳಾದ ಮೇಲೆ ಶುದ್ಧ ಹಟ ಎನ್ನಿಸಿತು. ಬಿ.ಎಸ್ಸಿ. ಸೇರಿ ಗಣಿತ ತೆಗೆದುಕೊಂಡ ವರ್ಷವಂತೂ ನನ್ನ ತಲೆಯಲ್ಲಿ ಒಂದೇ ಯೋಚನೆ: ಇದು ಜಗಳವಾಡುವ ವಿಷಯವೇ ಅಲ್ಲ, ಲೆಕ್ಕ ಹಾಕಿದರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ.

ಆ ಲೆಕ್ಕಕ್ಕೆ ನನಗೆ ಸಿಕ್ಕಿದ್ದು ಕಾಲುವೆಯ ಕತೆ. ಜಗಳ ಮುಗಿದು ಊಟಕ್ಕೆ ಕೂತಾಗ ಅವರು ಹೇಳಿಕೊಂಡು ನಗುವ ಕತೆಗಳಲ್ಲಿ ಅದೂ ಒಂದು. ನೀರು ತರಲು ಹೋದ ಕಡೂರು ಮಾವ ಕಾಲುವೆಯೊಳಗೆ ಜಾರಿ ಬಿದ್ದು, ಕ್ಯಾನ್ ತೇಲಿಕೊಂಡು ಹೋಗಿ, ಒದ್ದೆ ಬಟ್ಟೆಯಲ್ಲೇ ಆಫೀಸರ ಮುಂದೆ ಸೆಲ್ಯೂಟ್ ಹೊಡೆದದ್ದು. ಅದು ವಿಮಾನ ಬರುವುದಕ್ಕೆ ಮೂರು ದಿನ ಮುಂಚೆ ಎಂದು ನಾಲ್ವರೂ ಹೇಳುತ್ತಿದ್ದರು. ಅದು ಕಡೂರು ಮಾವನದೇ ಪಾಳಿ ಎನ್ನುವುದರಲ್ಲೂ ಅನುಮಾನವಿರಲಿಲ್ಲ. ಈ ಎರಡು ಕತೆಗಳನ್ನು ಅವರು ಒಂದೇ ಉಸಿರಿಗೆ ಎಂದೂ ಹೇಳಿರಲಿಲ್ಲ. ನಾನು ಪಕ್ಕ ಪಕ್ಕ ಇಟ್ಟೆ.

ಆ ವರ್ಷ ನಮ್ಮ ಮನೆಯ ಸರದಿ. ಹಿತ್ತಲಿನಲ್ಲಿ ಕಲ್ಲು ಹೂಡಿ ಒಲೆ ಹಚ್ಚಿದ್ದರು. ನಾನು ರೂಲ್ ಪೆನ್ಸಿಲ್ ಹಿಡಿದು ದೊಡ್ಡ ಹಾಳೆಯ ಮೇಲೆ ಮನೆಗಳನ್ನು ಗೀರಿ, ಮೇಲೆ ದಿನಗಳು, ಕೆಳಗೆ ಊರುಗಳು ಎಂದು ಕೋಷ್ಟಕ ಮಾಡಿಕೊಂಡು, ಗೆದ್ದವಳಂತೆ ಅವರ ನಡುವೆ ಹೋಗಿ ನಿಂತೆ. "ಸಾಕು ನಿಲ್ಸಿ ನಿಮ್ ಜಗಳ. ಉತ್ತರ ಸಿಕ್ತು. ಅವತ್ತು ಪಾಳಿ..."

ಅಷ್ಟೇ ನಾನು ಅಂದದ್ದು. ಅಪ್ಪ ಕೂತಲ್ಲಿಂದ ಎದ್ದ ವೇಗ ನೋಡಿದರೆ ಮಂಡಿ ನೋವಿನ ಮಾತ್ರೆ ತಿನ್ನುವ ಮನುಷ್ಯ ಎಂದು ಯಾರೂ ನಂಬುತ್ತಿರಲಿಲ್ಲ. ಹಾಳೆ ಕಿತ್ತುಕೊಂಡು, ಮಡಿಸಿ, ನೇರ ಒಲೆಗೆ ಹಾಕಿದ. "ಓದಿದ್ದು ಜಾಸ್ತಿ ಆಯ್ತು ನಿಂಗೆ. ಒಳಗ್ ಹೋಗಿ ಸೊಪ್ಪು ಬಿಡ್ಸು ಹೋಗು." ಕಡೂರು ಮಾವ ಆಕಾಶ ನೋಡಿದರು. ತರೀಕೆರೆ ಮಾವ ಮುದ್ದೆ ಕೋಲು ಹಿಡಿದು ಇನ್ನೂ ಕುದಿಯದ ನೀರನ್ನು ತಿರುವತೊಡಗಿದರು. ಅಜ್ಜಂಪುರದ ಮಾವ ಮಾತ್ರ ಒಲೆಯಲ್ಲಿ ಸುರುಟಿಕೊಳ್ಳುತ್ತಿದ್ದ ಹಾಳೆಯನ್ನೇ ನೋಡುತ್ತಿದ್ದರು.

ನನಗೆ ಎಷ್ಟು ಸಿಟ್ಟು ಬಂತೆಂದರೆ ಮೂರು ದಿನ ಅಪ್ಪನ ಜೊತೆ ಮಾತು ಬಿಟ್ಟೆ. ಸೋತವರು ಬೋರ್ಡು ಒರೆಸಿ ಹಾಕುವುದು ಎಲ್ಲಿಯ ನ್ಯಾಯ? ಉತ್ತರ ಅವರಿಗೆ ಬೇಡ, ಜಗಳ ಮಾತ್ರ ಬೇಕು, ಗಂಡಸರ ಬುದ್ಧಿಯೇ ಇಷ್ಟು ಎಂದು ತೀರ್ಮಾನಿಸಿದೆ. ಆ ತೀರ್ಮಾನದ ಎರಡನೇ ಭಾಗವನ್ನು ಈಗಲೂ ಪೂರ್ತಿ ವಾಪಸ್ ತೆಗೆದುಕೊಂಡಿಲ್ಲ.

ವಿಚಿತ್ರವೆಂದರೆ ಮುಂದಿನ ವರ್ಷದಿಂದ ಕಾಲುವೆಯ ಕತೆ ಬದಲಾಯಿತು. ಕಡೂರು ಮಾವ ತಾನು ಬಿದ್ದದ್ದು ಐದು ದಿನ ಮುಂಚೆ ಎಂದರು. ತರೀಕೆರೆ ಮಾವ ಎರಡೇ ದಿನ ಎಂದರು. ಅಪ್ಪ ಟೇಬಲ್ ಕುಟ್ಟಿ, "ಹಿಂದಿನ್ ದಿನ ಕಣ್ರೋ, ಬಟ್ಟೆ ಇನ್ನೂ ಒಣಗಿರ್ಲಿಲ್ಲ," ಎಂದ. ಅಜ್ಜಂಪುರದ ಮಾವ ಇನ್ನೊಂದು ತುತ್ತು ಮುದ್ದೆ ಮುರಿದುಕೊಂಡರು. ಪಾಪ, ವಯಸ್ಸಾಗುತ್ತಿದೆ, ನೆನಪು ಕೆಡುತ್ತಿದೆ ಎಂದುಕೊಂಡೆ. ಆಗ ಅವರಿಗೆ ವಯಸ್ಸು ನಲವತ್ತೈದೂ ದಾಟಿರಲಿಲ್ಲ. ನಾನು ಇಪ್ಪತ್ತರವಳು, ಹಾಗೆ ಕಂಡಿತು.

ಆಮೇಲೆ ನನಗೆ ಕೆಲಸವಾಯಿತು, ಮದುವೆಯಾಯಿತು. ಬೀರೂರಿನಲ್ಲೇ ಮನೆ, ದಿನಾ ಬಸ್ಸಿನಲ್ಲಿ ಓಡಾಡುವಷ್ಟು ದೂರದಲ್ಲಿ ಶಾಲೆ. ಒಂದು ಸಲ ಜನವರಿ ಇಪ್ಪತ್ತಾರಕ್ಕೆ ನಾಲ್ವರನ್ನೂ ಶಾಲೆಗೆ ಕರೆಸುವ ತಪ್ಪು ಮಾಡಿದೆ. ಇಸ್ತ್ರಿ ಮಾಡಿದ ಕೋಟು, ಎದೆಗೆ ಪದಕ, ಒಬ್ಬೊಬ್ಬರ ತಲೆಗೂ ಬಣ್ಣ ಬಳಿದು ಬಂದಿದ್ದರು. ಎಂಟನೇ ಕ್ಲಾಸಿನವನೊಬ್ಬ ಎದ್ದು, "ಸಾರ್, ಎಷ್ಟು ಜನ ಶತ್ರುಗಳನ್ನ ಸಾಯಿಸಿದ್ರಿ?" ಎಂದ. ಕಡೂರು ಮಾವ ಮೈಕಿನಲ್ಲಿ, "ನಾನು ಸಾಯಿಸಿದ್ದು ಎರಡು ಕ್ಲಚ್ ಪ್ಲೇಟು, ಒಂದು ಗೇರ್ ಬಾಕ್ಸು ಕಣಪ್ಪ," ಎಂದರು. ಇಡೀ ಮೈದಾನ ನಕ್ಕಿತು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಇನ್ನೊಬ್ಬಳು ವಿಮಾನ ದಾಳಿಯ ಬಗ್ಗೆ ಕೇಳಿದಳು. ಕತೆ ಪಂಪ್‌ಹೌಸಿನ ತನಕ ಸರಿಯಾಗಿ ಬಂತು, ಅಲ್ಲಿಂದ ಪಾಳಿಗೆ ತಿರುಗಿತು, ಮೈಕು ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಳ್ಳತೊಡಗಿದರು. ಹೆಡ್‌ಮಾಸ್ತರರು ಗಾಬರಿಯಾಗಿ ಸಿಹಿ ಹಂಚಲು ಹೇಳಿದರು. ಅವತ್ತು ಸ್ಟಾಫ್ ರೂಮಿನಲ್ಲಿ ಒಬ್ಬರು, "ಮೇಡಂ, ನಿಮ್ಮ ತಂದೆಯವರಿಗೂ ಅವರಿಗೂ ಆಗಿಬರಲ್ವಾ?" ಎಂದು ಮೆಲ್ಲಗೆ ಕೇಳಿದರು.

ಮೊದಲು ಹೋದವರು ಕಡೂರು ಮಾವ. ಆ ಡಿಸೆಂಬರಿನಲ್ಲಿ ನೀರಿಗೆ ಮೂವರು ಹೋದರು. ಜಗಳ ಮಾತ್ರ ನಾಲ್ಕು ಜನರದ್ದೇ ನಡೆಯಿತು. "ಕಡೂರು ಇದ್ದಿದ್ರೆ ಈಗ ಟೈರು ಅಂತಿದ್ದ," ಎಂದು ಅಪ್ಪ ಅವರ ಪರವಾಗಿ ಮಾತು ಎತ್ತಿದ, "ಅಂದ್ರೂ ಸುಳ್ಳೇ," ಎಂದು ತರೀಕೆರೆ ಮಾವ ಸತ್ತವರ ಮೇಲೂ ಹರಿಹಾಯ್ದರು. ಅಜ್ಜಂಪುರ ಹೊಸ ತಾಲ್ಲೂಕು ಆದ ಸಮಯ ಬೇರೆ. ಅದಕ್ಕೆ ಮುಂಚೆ ತರೀಕೆರೆ ಮಾವ "ನಮ್ ತಾಲ್ಲೂಕಿನವ್ನು ನೀನು, ಕೈ ಕಟ್ಕೊಂಡ್ ಮಾತಾಡು" ಎಂದು ರೇಗಿಸುತ್ತಿದ್ದರು. ಈಗ ಅಜ್ಜಂಪುರದ ಮಾವನಿಗೂ ಒಂದು ಹಿಡಿ ಧೈರ್ಯ ಬಂದಿತ್ತು. "ಈಗ ನಮ್ದೂ ತಾಲ್ಲೂಕು ಕಣೋ. ಪಾಳಿ ನಂದು." ಮೂವರೂ ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ "ಮಲ್ಗಿದ್ದವ್ನಿಗೆ ಏನ್ ಗೊತ್ತು" ಎನ್ನುವ ಮಾತು ತಪ್ಪಲಿಲ್ಲ.

ಅದಾದ ಎರಡು ವರ್ಷಕ್ಕೆ ಅಪ್ಪ ಮಲಗಿದ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದ. ನಾನು ರಜೆ ಹಾಕಿ ಪಕ್ಕದಲ್ಲಿ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಒಂದು ಮಧ್ಯಾಹ್ನ ಅವನು ಕಣ್ಣು ಬಿಟ್ಟು ನನ್ನ ಕೆಂಪು ಪೆನ್ನನ್ನೇ ನೋಡುತ್ತಾ ಹೇಳಿದ.

"ನಿನ್ ಲೆಕ್ಕ ಸರಿಯಾಗೇ ಇತ್ತು ಕಣಮ್ಮ."

ಯಾವ ಲೆಕ್ಕ ಎಂದು ಕೇಳಬೇಕಾಗಲಿಲ್ಲ. ಮಾತು ಬಿಟ್ಟ ಮೂರು ದಿನ, ಒಲೆ, ಹಾಳೆ ಎಲ್ಲ ಒಮ್ಮೆಗೇ ನೆನಪಾಯಿತು. ಕಾಲುವೆಗೆ ಬಿದ್ದದ್ದು ಕಡೂರು. ಮಾರನೇ ದಿನ ಬೀರೂರು, ಅದರ ಮಾರನೇ ದಿನ ತರೀಕೆರೆ, ಮೂರನೇ ದಿನ ಅಜ್ಜಂಪುರ. ನನ್ನ ಹಾಳೆಯಲ್ಲಿ ಬಂದಿದ್ದ ಹೆಸರು ಅದೇ.

"ಹಿಂದಿನ ರಾತ್ರಿ ಅವನೊಬ್ಬನಿಗೇ ಎರಡನೇ ಸಲಾನೂ ಡ್ಯೂಟಿ ಬಿದ್ದು, ಬೆಳಗಿನ ತನಕ ಗಾಡಿ ಓಡ್ಸಿದ್ದ," ಎಂದ ಅಪ್ಪ. "ಲಾರಿ ಕೆಳಗೆ ಮಲ್ಗಿದ್ದ. ಎಬ್ಬಿಸ್ಬೇಡ್ರೋ ಪಾಪ, ನಾನೇ ಹೋಗ್ಬತ್ತೀನಿ ಅಂತ ಲಿಂಗದಹಳ್ಳಿ ಕ್ಯಾನ್ ಎತ್ಕೊಂಡ. ಆಮೇಲೆ ಸದ್ದಿಗೆ ಎದ್ದವನು, ಹೊಗೆ ನೋಡ್ದ. ಯಾರ್ ಹೋಗಿದ್ರು ಅಂದ. ಹೇಳಿದ್ವಿ. ಇವತ್ ಪಾಳಿ ಯಾರ್ದು ಅಂದ. ಅವನ ಮುಖ ನೀನು ನೋಡ್ಬೇಕಿತ್ತು ಕಣಮ್ಮ. ನಂದು ಅಂದೆ. ಕಡೂರೂ ನಂದು ಅಂದ. ತರೀಕೆರೆನೂ ನಂದು ಅಂದ. ಮೂರು ಜನದ ಬಾಯಲ್ಲೂ ಒಂದೇ ಸಲ ಬಂದ್ಬಿಡ್ತು. ಮಾತಾಡ್ಕೊಂಡಿರ್ಲಿಲ್ಲ. ಅವತ್ತಿಂದ ಅದನ್ನೇ ಹೇಳ್ಕೊಂಡ್ ಬಂದ್ವಿ."

ನಾನು ಕೂತಲ್ಲೇ ಇನ್ನೊಂದು ಲೆಕ್ಕ ಹಾಕಿದೆ. ಕಡೂರು ಮಾವ ಐದು ದಿನ ಮುಂಚೆ ಎಂದದ್ದು: ಕಡೂರಿನಿಂದ ಐದು ಎಣಿಸಿದರೆ ಮತ್ತೆ ಕಡೂರು. ತರೀಕೆರೆ ಮಾವ ಎರಡು ದಿನ ಎಂದದ್ದು: ಎರಡು ಎಣಿಸಿದರೆ ತರೀಕೆರೆ. ಅಪ್ಪ ಹಿಂದಿನ ದಿನ ಎಂದದ್ದು: ಬೀರೂರು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಮೂವರೂ ಸಾಲಾಗಿ ಡುಮ್ಕಿ ಹೊಡೆದವರು. ಅವರ ನೆನಪು ಕೆಟ್ಟಿರಲಿಲ್ಲ. ಕೂತು, ಬೆರಳು ಮಡಿಸಿ, ತಮ್ಮ ತಮ್ಮ ಹೆಸರು ಬರುವ ಹಾಗೆ ಪ್ರಶ್ನೆಯನ್ನೇ ತಿದ್ದಿಕೊಂಡಿದ್ದರು. ನಾನು ಅತ್ತೆ. ಆ ಅಳುವಿನಲ್ಲಿ ಅರ್ಧ ನಗುವೂ ಇತ್ತು, ಪಕ್ಕದ ಹಾಸಿಗೆಯವರ ಮಗಳು ನನಗೆ ನೀರು ತಂದುಕೊಟ್ಟಳು.

"ಅವನ ಮುಂದೆ ಹೇಳ್ಬೇಡ," ಎಂದ ಅಪ್ಪ. ಅದೇ ವಾರ ಹೋದ.

ಆಮೇಲೆ ಒಂದಷ್ಟು ವರ್ಷ ತರೀಕೆರೆ ಮಾವ, ಅಜ್ಜಂಪುರದ ಮಾವ ಇಬ್ಬರೇ ಸೇರಿದರು. ತರೀಕೆರೆ ಮಾವ ಒಬ್ಬರೇ ಮೂರು ಜನದ ಜಗಳವನ್ನೂ ಹೊತ್ತುಕೊಂಡಿದ್ದರು. ಟೈರೂ ಅವರೇ, ಜ್ವರವೂ ಅವರೇ, ಒಲೆಯೂ ಅವರೇ. ಈ ವರ್ಷ ಮಳೆಗಾಲದಲ್ಲಿ ಅವರೂ ಹೋದರು. ತರೀಕೆರೆಯ ಅವರ ಮನೆಯಲ್ಲಿ ಅಜ್ಜಂಪುರದ ಮಾವ ಒಂದು ಮೂಲೆಯಲ್ಲಿ ಕೂತಿದ್ದರು. ನಾನು ಕೈ ಹಿಡಿದುಕೊಂಡಾಗ, "ಒಬ್ಬನ್ನಾದ್ರೂ ಬಿಡಬಾರ್ದಿತ್ತಾ," ಎಂದರು.

ಡಿಸೆಂಬರ್ ಬಂತು. ಅವರ ಸೊಸೆ ಫೋನ್ ಮಾಡಿದಳು. "ಅಕ್ಕಾ, ಮಾವ ಸರಿಯಾಗಿ ಊಟ ಮಾಡ್ತಿಲ್ಲ. ಮೊಮ್ಮಕ್ಕಳ ಹತ್ರನೂ ಮಾತಿಲ್ಲ. ಇದ್ದಕ್ಕಿದ್ದಂಗೆ 'ನಂದೇ ಪಾಳಿ, ನಂದೇ ಪಾಳಿ' ಅಂತಾರೆ. ಡಾಕ್ಟ್ರು ಏನೂ ಇಲ್ಲ ಅಂದ್ರು. ಯಾವ ಪಾಳಿ ಅಕ್ಕಾ ಅದು?" ನಾನು ಆಮೇಲೆ ಹೇಳುತ್ತೇನೆ ಎಂದೆ. ಫೋನನ್ನು ಅವರಿಗೇ ಕೊಡಿಸಿ, "ಮಾವ, ಈ ಸಲ ನಿಮ್ಮ ಮನೆ ಸರದಿ. ಬತ್ತಿದೀನಿ," ಎಂದೆ.

"ಬೇಡ ಕಣಮ್ಮ. ಬಂದೇನ್ ಮಾಡ್ತೀಯ? ಯಾರ್ ಹತ್ರ ಜಗಳ ಆಡ್ಲಿ?"

ನನಗೆ ಹೆದರಿಕೆಯಾಯಿತು. ಅಪ್ಪ ಹೋದಾಗಲೂ ನನಗೆ ಇಂಥ ಹೆದರಿಕೆ ಆಗಿರಲಿಲ್ಲ. ಐವತ್ತು ವರ್ಷ ಮೂರು ಜನ ಭುಜ ಕೊಟ್ಟು ತಡೆದಿದ್ದ ಬಾಗಿಲನ್ನು ಈಗ ಹಿಡಿಯುವವರೇ ಇರಲಿಲ್ಲ. ಆ ಮನುಷ್ಯ ಒಳಗೆ ಒಬ್ಬನೇ.

ಆ ದಿನ ಬೆಳಿಗ್ಗೆ ಬೀರೂರಿನಲ್ಲಿ ರೈಲು ಹತ್ತಿ ಅಜ್ಜಂಪುರಕ್ಕೆ ಹೋದೆ. ಚೀಲದಲ್ಲಿ ಎರಡು ಸೇರು ರಾಗಿ ಹಿಟ್ಟು. ಹೊಸದಾಗಿ ಬೀಸಿಸಿದ್ದ ಬಿಸಿ ಹಿಟ್ಟು ತೊಡೆ ಸುಡುತ್ತಿತ್ತು. ಎದುರಿಗೆ ಕೂತಿದ್ದ ಈರುಳ್ಳಿ ವ್ಯಾಪಾರಿಯೊಬ್ಬರು, "ಏನ್ ಮೇಡಂ, ಅಜ್ಜಂಪುರಕ್ಕೇ ರಾಗಿ ತಗೊಂಡ್ ಹೋಗ್ತಿದೀರಲ್ಲ," ಎಂದು ತಮಾಷೆ ಮಾಡಿದರು. ಜಗಳಕ್ಕೆ ಹೋಗ್ತಿದೀನಿ ಎಂದೆ. ಅವರು ಕಿಟಕಿಯ ಕಡೆ ತಿರುಗಿಕೊಂಡರು.

ಮಾವ ಅಂಗಳದ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಶರ್ಟು ಎರಡು ಅಳತೆ ದೊಡ್ಡದಾಗಿತ್ತು, ಅಂದರೆ ಒಳಗಿನ ಮನುಷ್ಯ ಎರಡು ಅಳತೆ ಚಿಕ್ಕವನಾಗಿದ್ದ. ನಾನು ಅವರ ಎದುರು ಮೆಟ್ಟಿಲ ಮೇಲೆ ಕೂತೆ. ಸೊಸೆ ಕಾಫಿ ತಂದಿಟ್ಟಳು. ಅವರು ತಮ್ಮ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಈಗ ತೀರ್ಮಾನ ಆದಂಗಾಯ್ತಲ್ಲಮ್ಮ," ಎಂದರು. "ನಂದು ಅನ್ನೋರು ಇನ್ನ್ಯಾರೂ ಇಲ್ಲ. ಉಳಿದವ್ನು ನಾನೊಬ್ಬ. ಪಾಳಿ ನಂದೇ."

ನಾನು ಬಾಯಿ ತೆರೆಯುವುದರೊಳಗೆ ಮುಂದುವರಿಸಿದರು. "ನೀನು ಕಾಲೇಜಿನಲ್ಲಿದ್ದಾಗ ಒಂದು ಲೆಕ್ಕ ಹಾಕಿದ್ದೆಯಲ್ಲ. ನಿಮ್ಮಪ್ಪ ಒಲೆಗೆ ಹಾಕಿದ್ನಲ್ಲ, ಆ ಹಾಳೆ. ಏನ್ ಬಂದಿತ್ತು ಅದ್ರಲ್ಲಿ? ನೀನು ಮೇಷ್ಟ್ರು, ಸುಳ್ಳು ಹೇಳ್ಬಾರ್ದು. ಯಾರ್ ಹೆಸ್ರು ಬಂತು?"

ನನ್ನ ಕ್ಲಾಸಿನಲ್ಲಿ ಅರ್ಧ ಅಂಕವನ್ನೂ ದಾಕ್ಷಿಣ್ಯಕ್ಕೆ ಕೊಟ್ಟವಳಲ್ಲ ನಾನು. ಹೆಡ್‌ಮಾಸ್ತರರ ಮಗನನ್ನೇ ಎರಡು ಅಂಕಕ್ಕೆ ಫೇಲ್ ಮಾಡಿ ಕೂರಿಸಿದ್ದೇನೆ. ಕಾಫಿ ಲೋಟ ಕೆಳಗಿಟ್ಟೆ.

"ಬೀರೂರು," ಎಂದೆ.

"ಏನು?"

"ನಮ್ಮಪ್ಪಂದು ಮಾವ. ಅವತ್ತು ಪಾಳಿ ನಮ್ಮಪ್ಪಂದು. ಅದಕ್ಕೇ ಹಾಳೆ ಒಲೆಗೆ ಹಾಕಿದ್ದು."

ಅವರು ನನ್ನನ್ನು ನೋಡಿದರು. ಕಣ್ಣು ಮಂಜಾಗಿದ್ದರೂ ನೋಟ ಗಟ್ಟಿಯಾಗಿತ್ತು. "ಸುಳ್ಳು."

"ಲೆಕ್ಕ ಸುಳ್ಳು ಹೇಳುತ್ತಾ?"

"ಯಾವ್ ಸೀಮೆ ಲೆಕ್ಕ! ಕಾಲುವೆಗೆ ಬಿದ್ದದ್ದು ಕಡೂರು. ಮೂರ್ ದಿನ ಮುಂಚೆ. ಎಣ್ಸು." ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. "ಬೀರೂರು. ತರೀಕೆರೆ. ಅಜ್ಜಂಪುರ. ಬಂತಾ?"

ಅಷ್ಟು ಸಲೀಸಾಗಿ ಎಣಿಸಿಬಿಟ್ಟರು. ಆ ಮೂರು ಬೆರಳನ್ನು ಅವರು ಎಷ್ಟು ಸಾವಿರ ಸಲ ಮಡಿಸಿರಬೇಕು! ಆದರೆ ಅಳುತ್ತಾ ಕೂರುವ ಹೊತ್ತು ಅದಾಗಿರಲಿಲ್ಲ. ನಾನು ಎದ್ದು ನಿಂತೆ.

"ಮೂರ್ ದಿನ ಅಂತ ಯಾರ್ ಹೇಳಿದ್ದು? ಹಿಂದಿನ್ ದಿನ. ಕಡೂರು ಮಾವನ ಬಟ್ಟೆ ಇನ್ನೂ ಒಣಗಿರ್ಲಿಲ್ಲ."

"ಯಾವನ್ ಹೇಳ್ದ ನಿಂಗೆ?"

"ನಮ್ಮಪ್ಪ."

"ನಿಮ್ಮಪ್ಪ ದೊಡ್ ಸುಳ್ಳ!"

"ನೋಡಿ ಮಾವ, ನಮ್ಮಪ್ಪನ್ನ ಸುಳ್ಳ ಅಂದ್ರೆ ನಾನು ಸುಮ್ನಿರಲ್ಲ. ಜ್ವರದಲ್ಲಿ ಮಲ್ಗಿದ್ದ ಮನುಷ್ಯ."

"ಜ್ವರ! ಒಂಬತ್ ರೊಟ್ಟಿ ತಿಂದಿದ್ದ ಕಣೇ ಅವನು!" ಮಾವ ಕುರ್ಚಿಯ ಕೈ ಹಿಡಿದು ಎದ್ದೇ ಬಿಟ್ಟರು. "ತರೀಕೆರೆ ಇದ್ದಿದ್ರೆ ಹೇಳ್ತಿದ್ದ. ನಿಂಗೇನ್ ಗೊತ್ತು, ಹುಟ್ಟೇ ಇರ್ಲಿಲ್ಲ ನೀನು!"

"ನಿಮ್ಗೇನ್ ಗೊತ್ತು? ಮಲ್ಗಿದ್ದವ್ರು ನೀವು!"

ಬಾಯಿಂದ ಬಂದ ಮೇಲೆ ನನಗೆ ಗೊತ್ತಾದದ್ದು, ಆ ಮಾತು ಮೂವರದ್ದು ಎಂದು. ಮಾವನಿಗೂ ಗೊತ್ತಾಯಿತು. ಸೊಸೆ ಅಡುಗೆಮನೆಯಿಂದ ಓಡಿ ಬಂದು ಇಬ್ಬರ ಮುಖವನ್ನೂ ನೋಡಿ, ಯಾರಿಗೆ ಸಮಾಧಾನ ಹೇಳುವುದೋ ತಿಳಿಯದೆ ಸೌಟು ಹಿಡಿದು ನಿಂತಳು. "ಮಾವ, ಎಸರಿಗೆ ನೀರು ಇಡ್ಲಾ?" ಎಂದಳು.

"ಮುಟ್ಬೇಡ," ಎಂದೆವು ಇಬ್ಬರೂ.

ಕ್ಯಾನ್ ಅಟ್ಟದ ಮೇಲಿತ್ತು. ಇಳಿಸಿ, ತೊಳೆದು, ಇಬ್ಬರೂ ಒಂದೊಂದು ಕಡೆ ಹಿಡಿದುಕೊಂಡು ಹಿತ್ತಲಿನ ನಲ್ಲಿಯ ಹತ್ತಿರ ಹೋದೆವು. ಅವರ ಹೆಜ್ಜೆಗೆ ನನ್ನ ಹೆಜ್ಜೆ ಹೊಂದಿಸಿಕೊಳ್ಳಬೇಕಾಯಿತು. ನೀರು ಸಣ್ಣಗೆ ಬರುತ್ತಿತ್ತು. ಅದು ತುಂಬುವುದನ್ನೇ ನೋಡುತ್ತಾ ಅವರು ಅಂದರು.

"ನಿಮ್ಮಪ್ಪನೂ ಹಿಂಗೇ ಕಣಮ್ಮ. ಎಲ್ಲಾ ಗೊತ್ತಿತ್ತು ಅವನಿಗೆ. ಗೊತ್ತಿದ್ದೂ ಗೊತ್ತಿದ್ದೂ ವರ್ಷ ವರ್ಷ ಬಂದು ಜಗಳ ಆಡ್ತಿದ್ದ. ಮೂರು ಜನಾನೂ."

ನಾನು ಕ್ಯಾನಿನ ಬಾಯನ್ನು ನಲ್ಲಿಗೆ ಸರಿಯಾಗಿ ಹಿಡಿದೆ. ಜಗಳ ಬಿಡಲಿಲ್ಲ.

"ಪಾಳಿ ನಮ್ಮಪ್ಪಂದೇ ಮಾವ."

"ನಂದು," ಎಂದರು ಅವರು. ದನಿ ತಗ್ಗಿರಲಿಲ್ಲ. ಕ್ಯಾನ್ ತುಂಬಿತ್ತು. ನಲ್ಲಿ ನಿಲ್ಲಿಸಿ, ಆ ಕಡೆ ಅವರು, ಈ ಕಡೆ ನಾನು ಹಿಡಿದುಕೊಂಡು, ಜಗಳವಾಡುತ್ತಲೇ ಒಳಗೆ ಬಂದೆವು.